ಮೊಣಕೈ ಎಕ್ಸ್‌ರೇ: ಮೂಳೆಯ ಗೆರೆಗಿಂತ ಮೊದಲು ಪಕ್ಕದ ನೆರಳು ನೋಡಿ

ಫೆಬ್ರವರಿ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ಕಾಳುಮೆಣಸಿನ ಕೊಯ್ಲು ಜೋರು. ಸಿಲ್ವರ್ ಮರಕ್ಕೆ ಒರಗಿಸಿದ ಏಣಿ ಜಾರಿದರೆ ಬೀಳುವವರು ತಮಗರಿವಿಲ್ಲದೆ ಅಂಗೈ ಊರುತ್ತಾರೆ. ಪೆಟ್ಟು ಅಂಗೈಗೆ ಬಿದ್ದರೂ ಮೈಭಾರವೆಲ್ಲ ಮುಂಗೈ ಮೂಳೆ ಹಿಡಿದು ಮೊಣಕೈಗೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿದವರದೂ, ಸೀಬೆ ಮರದಿಂದ ಬಿದ್ದ ಮಕ್ಕಳದೂ ಇದೇ ಪಾಡು. ಆಮೇಲೆ ಎಕ್ಸ್‌ರೇ ತೆಗೆಸಿ, ಫಿಲ್ಮನ್ನು ಬೆಳಕಿಗೆ ಹಿಡಿದು, "ಗೆರೆ ಏನೂ ಕಾಣ್ತಿಲ್ಲ, ಬರೀ ಉಳುಕಿರಬೇಕು" ಅಂತ ಎಣ್ಣೆ ಹಚ್ಚಿ ನೀವಿಸಲು ಹೊರಡುವವರು ಬಹಳ. ಮೊಣಕೈಗೆ ಈ ಲೆಕ್ಕ ಹೊಂದುವುದಿಲ್ಲ. ಗೆರೆ ಕಾಣದೆಯೂ ಇಲ್ಲಿ ಮೂಳೆ ಮುರಿದಿರುತ್ತದೆ.

ಫಿಲ್ಮಿನಲ್ಲಿ ಇರುವುದು 3 ಮೂಳೆ. ತೋಳಿನದು ಹ್ಯೂಮರಸ್, ಮುಂಗೈಯಲ್ಲಿ ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಹ್ಯೂಮರಸ್‌ನ ಕೆಳತುದಿಯಲ್ಲಿ ಹೊರಗಡೆ ಇರುವ ಗುಂಡು ಭಾಗ ಕ್ಯಾಪಿಟೆಲ್ಲಮ್. ರೇಡಿಯಸ್‌ನ ತಲೆ ತಿರುಗುವುದು ಇದಕ್ಕೆ ಎದುರಾಗಿ. ಒಳಗಡೆ ಬಾವಿಯ ರಾಟೆಯಂಥ ಟ್ರಾಕ್ಲಿಯಾ, ಅದನ್ನು ಅಲ್ನಾ ಕೊಕ್ಕೆಯ ಹಾಗೆ ತಬ್ಬಿಕೊಂಡಿರುತ್ತದೆ. ಮೇಜಿನ ಮೇಲೆ ಊರುವ ಗಟ್ಟಿ ತುದಿ ಓಲೆಕ್ರನಾನ್.

ಕನಿಷ್ಠ 2 ಫಿಲ್ಮು ಬೇಕೇ ಬೇಕು. ಎಪಿ ಅನ್ನುವುದು ಕೈ ನೀಟಾಗಿ ಚಾಚಿ ಅಂಗೈ ಮೇಲೆ ಮಾಡಿ ತೆಗೆಯುವುದು. ಲ್ಯಾಟರಲ್ ಅನ್ನುವುದು ಮೊಣಕೈ 90 ಡಿಗ್ರಿ ಮಡಿಸಿ ಹೆಬ್ಬೆರಳು ಮೇಲೆ ಮಾಡಿ ತೆಗೆಯುವುದು. ನೋವಿನಿಂದ ಕೈ ಚಾಚಲಾಗದವರ ಕೈಯನ್ನು ಎಳೆದು ನೆಟ್ಟಗೆ ಮಾಡಬಾರದು. ತೋಳು ಮೇಜಿಗೆ ಒರಗುವಂತೆ ಒಂದು, ಮುಂಗೈ ಒರಗುವಂತೆ ಇನ್ನೊಂದು ಎಪಿ ತೆಗೆದರೆ ಕೆಲಸ ಆಗುತ್ತದೆ.

ಕೆಡುವುದು ಬಹುಪಾಲು ಲ್ಯಾಟರಲ್‌ನಲ್ಲೇ. ಭುಜ, ಮೊಣಕೈ, ಮಣಿಕಟ್ಟು ಮೂರೂ ಒಂದೇ ಮಟ್ಟದಲ್ಲಿರಬೇಕು. ಎತ್ತರದ ಸ್ಟೂಲಿನ ಮೇಲೆ ಕೂರಿಸಿಬಿಟ್ಟರೆ ಭುಜ ಮೇಲಾಗಿ ಕೈ ಓರೆಯಾಗುತ್ತದೆ. ಓರೆ ಫಿಲ್ಮಿನಲ್ಲಿ ಸರಿಯಿರುವ ಮೂಳೆ ಜರುಗಿದಂತೆಯೂ, ಜರುಗಿದ್ದು ಸರಿಯಿದ್ದಂತೆಯೂ ಕಾಣುತ್ತದೆ. ಫಿಲ್ಮು ಸರಿ ಬಂದಿದೆಯೋ ಇಲ್ಲವೋ ತಿಳಿಯಲು ಹ್ಯೂಮರಸ್‌ನ ಕೆಳತುದಿ ನೋಡಿ. ಅಲ್ಲಿ ಇಂಗ್ಲಿಷಿನ 8ರ ಆಕಾರ ಸ್ಪಷ್ಟವಾಗಿ ಮೂಡಿರಬೇಕು. ಇಲ್ಲದಿದ್ದರೆ ಮತ್ತೊಮ್ಮೆ ತೆಗೆಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕೈಕಾಲಿನ ಎಕ್ಸ್‌ರೇಯ ವಿಕಿರಣ ಬಹಳ ಕಡಿಮೆ.

ಈಗ ನೆರಳಿನ ವಿಷಯ. ಕೀಲಿನ ಚೀಲದ ಒಳಗೆ, ಹ್ಯೂಮರಸ್‌ನ ಮುಂದೊಂದು ಹಿಂದೊಂದು ಕೊಬ್ಬಿನ ತುಣುಕು ಇರುತ್ತವೆ. ಎಕ್ಸ್‌ರೇಯಲ್ಲಿ ಕೊಬ್ಬು ಸುತ್ತಲಿನ ಮಾಂಸಕ್ಕಿಂತ ಕಪ್ಪು. ಮುಂದಿನದು ಮೂಳೆಗೆ ಅಂಟಿದಂತೆ ತೆಳ್ಳಗೆ ಕಂಡರೆ ಸಹಜ. ಹಿಂದಿನದು ಮೂಳೆಯ ಗುಳಿಯೊಳಗೆ ಅಡಗಿರುವುದರಿಂದ ಕಾಣಲೇಬಾರದು. ಮೂಳೆ ಬಿರಿದು ಕೀಲಿನೊಳಗೆ ರಕ್ತ ತುಂಬಿದಾಗ, ಅನ್ನ ಉಕ್ಕಿ ಪಾತ್ರೆಯ ಮುಚ್ಚಳ ಎತ್ತಿದ ಹಾಗೆ, ಈ ಕೊಬ್ಬು ಮೂಳೆಯಿಂದ ಮೇಲೇಳುತ್ತದೆ. ಮುಂದೆ ತ್ರಿಕೋನದಂಥ ಕಪ್ಪು, ಹಿಂದೆ ಕಪ್ಪು ಪಟ್ಟಿ. ಪೆಟ್ಟು ಬಿದ್ದವರ ಫಿಲ್ಮಿನಲ್ಲಿ ಹಿಂದಿನ ಪಟ್ಟಿ ಕಂಡರೆ, ಗೆರೆ ಇರಲಿ ಬಿಡಲಿ, ಮುರಿತ ಇದೆ ಎಂದೇ ನೋಡಿಕೊಳ್ಳುವುದು ಕ್ರಮ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ರೇಡಿಯಸ್ ತಲೆಯ ಬಿರುಕು, ಮಕ್ಕಳಲ್ಲಿ ಮೊಣಕೈಗಿಂತ ತುಸು ಮೇಲೆ ಹ್ಯೂಮರಸ್‌ನ ಬಿರುಕು. ಆದರೆ ಕೈ ಚಾಚಿಟ್ಟು ಲ್ಯಾಟರಲ್ ತೆಗೆದರೆ ಏನೂ ಆಗದ ಮೊಣಕೈಯಲ್ಲೂ ಈ ಪಟ್ಟಿ ಕಾಣಬಹುದು. 90 ಡಿಗ್ರಿ ಅಂತ ಹಟ ಹಿಡಿಯುವುದು ಇದಕ್ಕೇ. ಚೀಲವೇ ಹರಿದಿದ್ದರೆ ರಕ್ತ ಹೊರಗೆ ಸೋರಿ ಕೊಬ್ಬು ಏಳದೆಯೂ ಇರುತ್ತದೆ.

ನೆರಳು ನೋಡಿದ ಮೇಲೆ 2 ಗೆರೆ ಎಳೆಯಬೇಕು, ಫಿಲ್ಮಿನ ಮೇಲೆ ಸ್ಕೇಲ್ ಇಟ್ಟರೂ ಸಾಕು. ಲ್ಯಾಟರಲ್‌ನಲ್ಲಿ ಹ್ಯೂಮರಸ್‌ನ ಮುಂಭಾಗದ ಅಂಚು ಹಿಡಿದು ಕೆಳಗೆ ಎಳೆದ ಗೆರೆ ಕ್ಯಾಪಿಟೆಲ್ಲಮ್‌ನ ನಡುವೆ ಹಾಯಬೇಕು. ತೀರಾ ಚಿಕ್ಕ ಮಕ್ಕಳಲ್ಲಿ ಅದರ ಮುಂದಿನ ಪಾಲಿನಲ್ಲಿ ಹಾಯ್ದರೂ ಸರಿ. ಕ್ಯಾಪಿಟೆಲ್ಲಮ್ ಪೂರ್ತಿ ಗೆರೆಯ ಹಿಂದೆ ಉಳಿದರೆ ಹ್ಯೂಮರಸ್ ಮುರಿದು ಹಿಂದಕ್ಕೆ ಬಾಗಿದೆ. ಎರಡನೆಯ ಗೆರೆ ರೇಡಿಯಸ್‌ನ ನಡುವಿನಿಂದ. ಯಾವ ಭಂಗಿಯ ಫಿಲ್ಮೇ ಆಗಲಿ ಅದು ಕ್ಯಾಪಿಟೆಲ್ಲಮ್‌ಗೆ ಹೋಗಿ ತಾಕಬೇಕು. ತಾಕದಿದ್ದರೆ ರೇಡಿಯಸ್‌ನ ತಲೆ ಕೀಲು ಬಿಟ್ಟಿದೆ. ಆಗ ಮಣಿಕಟ್ಟಿನವರೆಗೂ ಮುಂಗೈ ಫಿಲ್ಮು ತೆಗೆಸಿ ಅಲ್ನಾ ಎಲ್ಲಿ ಮುರಿದಿದೆ ಎಂದು ಹುಡುಕಬೇಕು. ಇಟಲಿಯ ಶಸ್ತ್ರವೈದ್ಯ ಮೊಂಟೆಜಿಯಾ 1814ರಲ್ಲೇ ವಿವರಿಸಿದ ಈ ಜೋಡಿ ಪೆಟ್ಟು ಈಗಲೂ ಕಣ್ತಪ್ಪುತ್ತದೆ, ಏಕೆಂದರೆ ಮುರಿದ ಅಲ್ನಾ ಕಣ್ಣಿಗೆ ಬಿದ್ದ ಕೂಡಲೇ ಹುಡುಕಾಟ ನಿಂತುಬಿಡುತ್ತದೆ.

ಮಕ್ಕಳ ಫಿಲ್ಮು ಬೇರೆಯೇ ಲೋಕ. ಮೊಣಕೈಯ ತುದಿಗಳು ಹುಟ್ಟಿದಾಗ ಮೆಲ್ಲೆಲುಬು, ಎಕ್ಸ್‌ರೇಗೆ ಕಾಣುವುದಿಲ್ಲ. ವರ್ಷ ಕಳೆದಂತೆ ಒಂದೊಂದೇ ಚುಕ್ಕೆಯಾಗಿ ಮೂಳೆ ಮೂಡುತ್ತದೆ: ಕ್ಯಾಪಿಟೆಲ್ಲಮ್ ಸುಮಾರು 1 ವರ್ಷಕ್ಕೆ, ರೇಡಿಯಸ್ ತಲೆ 3ಕ್ಕೆ, ಹ್ಯೂಮರಸ್‌ನ ಕೆಳತುದಿಯಲ್ಲಿ ಒಳಗಡೆಯ ಗುಬುಟು 5ಕ್ಕೆ, ಟ್ರಾಕ್ಲಿಯಾ 7ಕ್ಕೆ, ಓಲೆಕ್ರನಾನ್ 9ಕ್ಕೆ, ಹೊರಗಡೆಯ ಗುಬುಟು 11ಕ್ಕೆ. ವಯಸ್ಸು ಹಿಂದುಮುಂದಾಗಬಹುದು, ಸರದಿ ಮಾತ್ರ ತಪ್ಪುವುದು ಅಪರೂಪ. ಟ್ರಾಕ್ಲಿಯಾ ಜಾಗದಲ್ಲಿ ಚುಕ್ಕೆ ಇದ್ದು ಒಳಗುಬುಟಿನ ಜಾಗ ಖಾಲಿಯಿದ್ದರೆ ಅದು ಟ್ರಾಕ್ಲಿಯಾ ಅಲ್ಲ, ಕಿತ್ತುಬಂದ ಗುಬುಟೇ ಕೀಲಿನೊಳಗೆ ಸಿಕ್ಕಿಕೊಂಡಿದೆ. ನಮಗೆ ಇನ್ನೂ ಹೆಚ್ಚು ಆತಂಕ ಹುಟ್ಟಿಸುವುದು ಹೊರಗಡೆಯ ಕಾಂಡೈಲ್, ಅಂದರೆ ಹ್ಯೂಮರಸ್‌ನ ಕೆಳತುದಿಯ ಹೊರಪಾಲಿನ ಮುರಿತ. ಫಿಲ್ಮಿನಲ್ಲಿ ಉಗುರಿನ ಚೂರಿನಷ್ಟು ಬಿಳುಪು ಕಾಣುತ್ತದೆ, ನಿಜವಾದ ತುಂಡು ಅದಕ್ಕಿಂತ ಬಹಳ ದೊಡ್ಡದು. ಉಳಿದದ್ದೆಲ್ಲ ಮೆಲ್ಲೆಲುಬು. ಚಿಕ್ಕದೆಂದು ಬಿಟ್ಟರೆ ಕೂಡಿಕೊಳ್ಳದೆ ಕೈ ಹೊರಕ್ಕೆ ವಾಲುತ್ತದೆ, ವರ್ಷಗಳ ನಂತರ ಕಿರುಬೆರಳು ಜೋಮು ಹಿಡಿಯುತ್ತದೆ.

ಬೀಳದೆ, ಬರೀ ಕೈ ಹಿಡಿದು ಎಳೆದದ್ದಕ್ಕೆ 1ರಿಂದ 4 ವರ್ಷದ ಮಗು ಕೈ ಇಳಿಬಿಟ್ಟುಕೊಂಡು ಆಡಿಸದಿದ್ದರೆ ಅದಕ್ಕೆ ಸಾಮಾನ್ಯವಾಗಿ ಎಕ್ಸ್‌ರೇ ಬೇಕಾಗುವುದಿಲ್ಲ. ತಿಳಿದ ಡಾಕ್ಟರ್ ಜರುಗಿದ ಕೀಲನ್ನು ಕ್ಷಣದಲ್ಲಿ ಕೂರಿಸುತ್ತಾರೆ. ಬಿದ್ದಿದ್ದರೆ, ಊತವಿದ್ದರೆ ಈ ಮಾತು ಅನ್ವಯಿಸದು.

ದೂರದ ಊರುಗಳಿಂದ ಹಾಸನಕ್ಕೋ ಚಿಕ್ಕಮಗಳೂರಿಗೋ ಬರುವ ದಾರಿಯಲ್ಲಿ ಕೈ ಹೇಗಿದೆಯೋ ಹಾಗೇ ಇರಲಿ. ಮಡಿಸಿದ ದಿನಪತ್ರಿಕೆಯ ಆಸರೆ ಕೊಟ್ಟು ಟವೆಲಿನಿಂದ ಕೊರಳಿಗೆ ಇಳಿಬಿಟ್ಟರೆ ಸಾಕು. ಬಿದಿರು ದಬ್ಬೆ ಇಟ್ಟು ಬಿಗಿದು ಕಟ್ಟಿದರೆ ಒಳಗಿನ ಊತಕ್ಕೆ ಜಾಗವಿಲ್ಲದೆ ರಕ್ತ ಓಡಾಟ ನಿಲ್ಲುತ್ತದೆ. ಬೆರಳು ಬಿಳಿಚಿ ತಣ್ಣಗಾದರೆ, ಬೆರಳು ಬಿಡಿಸಿದಾಗ ತಡೆಯಲಾರದ ನೋವಾದರೆ ಒಂದು ಗಂಟೆಯೂ ಕಾಯುವಂತಿಲ್ಲ. ಎಣ್ಣೆ ಹಚ್ಚಿ ಬಲವಾಗಿ ನೀವುವುದರಿಂದ ಇನ್ನೊಂದು ಕೇಡು: ಕೆಲವು ವಾರಗಳಲ್ಲಿ ಮಾಂಸದೊಳಗೇ ಮೂಳೆ ಬೆಳೆದು, ಫಿಲ್ಮಿನಲ್ಲಿ ಬಿಳಿ ಮೋಡದಂತೆ ಕಂಡು, ಮೊಣಕೈ ಮಡಿಸಲಾಗದೆ ಗಟ್ಟಿಯಾಗುತ್ತದೆ.

ಗೆರೆ ಕಾಣದೆ ಬರೀ ಕೊಬ್ಬಿನ ನೆರಳು ಎದ್ದಿದ್ದರೆ ಜೋಳಿಗೆಯಲ್ಲೋ ಪ್ಲಾಸ್ಟರ್ ಸ್ಲ್ಯಾಬಿನಲ್ಲೋ ಕೈ ಇಟ್ಟು 10ರಿಂದ 14 ದಿನದ ಮೇಲೆ ಮತ್ತೆ ಫಿಲ್ಮು ತೆಗೆಯುತ್ತಾರೆ. ಅಷ್ಟರಲ್ಲಿ ಬಿರುಕಿನ ಪಕ್ಕ ಹೊಸ ಮೂಳೆಯ ತೆಳು ಬಿಳಿ ಪದರ ಬಂದಿರುತ್ತದೆ. ದೊಡ್ಡವರಲ್ಲಿ ಜರುಗದ ರೇಡಿಯಸ್ ತಲೆಯ ಬಿರುಕಿಗೆ ಹೆಚ್ಚು ದಿನ ಕಟ್ಟಿಡುವುದಿಲ್ಲ. ನೋವು ತಗ್ಗಿದ ಕೆಲವೇ ದಿನಕ್ಕೆ ಡಾಕ್ಟರು ಕೈ ಆಡಿಸಲು ಹೇಳುತ್ತಾರೆ, ಮೊಣಕೈ ಬೇಗ ಬಿಗಿದುಕೊಳ್ಳುವ ಕೀಲು.

ಎರಡನೆಯ ಸಲ ಬರುವಾಗ ಹಳೆಯ ಫಿಲ್ಮು ತನ್ನಿ. ಮಲೆನಾಡಿನ ಶೀತಕ್ಕೆ ಒಂದಕ್ಕೊಂದು ಅಂಟಿಕೊಳ್ಳದಂತೆ ನಡುವೆ ಕಾಗದ ಇಡಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಬಲ್ಬಿಗೆ ಹಿಡಿಯದೆ ಹಗಲಲ್ಲಿ ಬಿಳಿ ಆಕಾಶಕ್ಕೆ ಹಿಡಿದು, ಹೆಸರು, ತಾರೀಖು, ಎಡ ಬಲದ ಗುರುತು ಸೇರುವಂತೆ, 2 ಭಂಗಿಗಳನ್ನೂ ಬೇರೆ ಬೇರೆಯಾಗಿ ತೆಗೆದು ಕಳಿಸಿ.