ಸಂಘದ ಕಾರ್ಯದರ್ಶಿ ಆಗ್ತೀರಾ? ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ ಆಗೋಕೆ ಯಾರೂ ತಾವಾಗಿ ಮುಂದೆ ಬರುವುದಿಲ್ಲ. ವಾರ್ಷಿಕ ಸಭೆಯಲ್ಲಿ "ಈ ಸಲ ಯಾರು?" ಅಂತ ಕೇಳಿದ ಕೂಡಲೇ ಎಲ್ಲರ ಮೊಬೈಲ್‌ಗೂ ಏನೋ ಅರ್ಜೆಂಟ್ ಮೆಸೇಜ್ ಬಂದುಬಿಡುತ್ತದೆ. ಆಮೇಲೆ ಹಿಂದಿನ ಸಾಲಿನಿಂದ ಯಾರೋ "ನೀವೇ ಆಗಿ ಸಾರ್, ನಿಮಗೆ ಟೈಮ್ ಇರುತ್ತಲ್ಲ" ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಮುಗೀತು. ಹಾಗೆ ಸಿಕ್ಕಿಬಿದ್ದವರಲ್ಲಿ ನಾನೂ ಒಬ್ಬ. ಈಗ ಹೊಸದಾಗಿ ಸಿಕ್ಕಿಬಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ನಾಲ್ಕು ಮಾತು ಹೇಳಬೇಕು ಅನಿಸಿತು.

ಮೊದಲನೆಯದು, ಸಂಘಕ್ಕೆ ಅಧಿಕಾರ ಅನ್ನೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೀದಿ ದೀಪ ನಮ್ಮದಲ್ಲ, ರಸ್ತೆ ನಮ್ಮದಲ್ಲ, ನೀರಿನ ಪೈಪು ನಮ್ಮದಲ್ಲ, ಎದುರು ಮನೆಯವರ ಟಿವಿ ಸೌಂಡಂತೂ ಅಲ್ಲವೇ ಅಲ್ಲ. ಬಯ್ಗುಳ ಮಾತ್ರ ಪೂರ್ತಿ ನಮ್ಮದೇ. ಹಾಗಿದ್ದರೆ ಸಂಘದ ಹತ್ತಿರ ಇರೋದೇನು? ನೆನಪು. ಕಚೇರಿಯ ಎಂಜಿನಿಯರ್‌ಗೆ ವರ್ಗ ಆಗುತ್ತದೆ, ಬಾಡಿಗೆಯವರು ಮನೆ ಬಿಡುತ್ತಾರೆ, ಅಧ್ಯಕ್ಷರು ಬದಲಾಗುತ್ತಾರೆ. ಹೋದ ವರ್ಷ ಇದೇ ಪೈಪು ಇದೇ ಜಾಗದಲ್ಲಿ ಒಡೆದಿತ್ತು, ಆಗ ತೇಪೆ ಹಾಕಿ ಹೋದರು, ಮುಂದಿನ ಸಲ ಪೂರ್ತಿ ಬದಲಾಯಿಸುತ್ತೇವೆ ಅಂದಿದ್ದರು ಅನ್ನೋದನ್ನು ತಾರೀಕಿನ ಸಮೇತ ಹೇಳಬಲ್ಲವರು ಯಾರಾದರೂ ಇದ್ದರೆ ಅದು ಸಂಘ ಒಂದೇ. ಅದೂ ಬರೆದಿಟ್ಟಿದ್ದರೆ.

ಅದಕ್ಕೇ ನೋಟ್‌ಬುಕ್. ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಶೀಟ್ ಮಾಡಿಕೊಂಡರೂ ಸರಿ, ನನ್ನದೇನೂ ತಕರಾರಿಲ್ಲ. ವಾಟ್ಸಾಪ್ ಗ್ರೂಪ್ ಮಾತ್ರ ಸಾಲದು. ಗ್ರೂಪಿನಲ್ಲಿ ಬಿದ್ದ ದೂರು ಮರುದಿನ ಬೆಳಗಿನ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಹೂತುಹೋಗುತ್ತದೆ.

ಬೀದಿ ದೀಪದ್ದೇ ತಗೊಳ್ಳಿ. ರಾತ್ರಿ ಗ್ರೂಪಿನಲ್ಲಿ ಒಬ್ಬರು "ಲೈಟ್ ಇಲ್ಲ, ಕೇಳೋರಿಲ್ಲ ಹೇಳೋರಿಲ್ಲ" ಅಂತ ಹಾಕುತ್ತಾರೆ. ಕೆಳಗೆ ಸಾಲಾಗಿ ಕೋಪದ ಮುಖಗಳು. ಯಾವ ಕಂಬ ಅಂತ ಒಬ್ಬರೂ ಹೇಳುವುದಿಲ್ಲ. ನಾನು ಟಾರ್ಚ್ ಹಿಡಿದು ಹೋಗಿ ಕಂಬದ ನಂಬರ್ ಓದುತ್ತೇನೆ. ಕೆಲವು ಕಡೆ ಅದು ಪೋಸ್ಟರ್ ಕೆಳಗೆ ಮುಚ್ಚಿಹೋಗಿರುತ್ತದೆ, ಉಗುರಿನಿಂದ ಕೆರೆದು ನೋಡಬೇಕು. ಆಮೇಲೆ ಒಂದೈದು ನಿಮಿಷ ಸುಮ್ನೆ ನಿಂತು ನೋಡಬೇಕು. ಒಂದೇ ದೀಪ ಸತ್ತಿದೆಯಾ, ಸಾಲಿಗೆ ಸಾಲೇ ಕತ್ತಲೆಯಾ? ಸಾಲು ಪೂರ್ತಿ ಇಲ್ಲ ಅಂದರೆ ಬಲ್ಬಿನ ತಪ್ಪಲ್ಲ, ಲೈನ್ ಅಥವಾ ಟೈಮರ್ ನೋಡಬೇಕು. ಹಳೆಯ ಸೋಡಿಯಂ ದೀಪ ಹತ್ತಿ, ಕಾದು, ತಾನೇ ಆರಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹತ್ತುತ್ತಿದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂತು ಅಂತ ಅರ್ಥ. ಹಗಲಲ್ಲೂ ಉರಿಯುತ್ತಿದ್ದರೆ ಬೆಳಕು ನೋಡಿ ಆನ್ ಆಫ್ ಮಾಡುವ ಸೆನ್ಸರೋ ಟೈಮರೋ ಕೆಟ್ಟಿದೆ. ನೋಡಿ, ಎಲ್ಲವೂ "ಲೈಟ್ ಪ್ರಾಬ್ಲಂ" ಅಷ್ಟೇ, ಆದರೆ ಒಂದೊಂದಕ್ಕೂ ತರಬೇಕಾದ ಸಾಮಾನು ಬೇರೆ, ಬರಬೇಕಾದ ಜನ ಬೇರೆ. "ನಮ್ಮ ರೋಡಲ್ಲಿ ಲೈಟ್ ಇಲ್ಲ" ಅಂತ ದೂರು ಕೊಟ್ಟರೆ ಯಾರೋ ಒಬ್ಬರು ಹಗಲು ಹೊತ್ತಿನಲ್ಲಿ ಬರುತ್ತಾರೆ, ತಲೆ ಎತ್ತಿ ನೋಡುತ್ತಾರೆ, ಏಣಿ ಗಾಡಿ ಬೇಕು ಅಂದು ಹೋಗುತ್ತಾರೆ. ಅವರ ಪುಸ್ತಕದಲ್ಲಿ "ಅಟೆಂಡ್ ಮಾಡಲಾಗಿದೆ" ಅಂತ ಆಗುತ್ತದೆ. ಕಂಬದ ನಂಬರ್, ತೊಂದರೆ ಏನು, ಯಾವತ್ತಿನಿಂದ ಅಂತ ಮೂರು ಸಾಲು ಬರೆದು, ದೂರಿನ ನಂಬರ್ ತಗೊಂಡು, ವಾರ ಬಿಟ್ಟು ಅದೇ ನಂಬರ್ ಹೇಳಿ ಫೋನ್ ಮಾಡಿದರೆ ಕೆಲಸ ಆಗುವ ಸಾಧ್ಯತೆ ಜಾಸ್ತಿ. ಇದರಲ್ಲಿ ಹೋರಾಟ ಏನೂ ಇಲ್ಲ. ಬೋರಿಂಗ್ ಕೆಲಸ. ಬೋರಿಂಗ್ ಕೆಲಸ ಮಾಡೋರು ಕಮ್ಮಿ ಇರೋದಕ್ಕೇ ದೀಪಗಳು ತಿಂಗಳುಗಟ್ಟಲೆ ಕೆಟ್ಟು ನಿಂತಿರುವುದು.

ಇನ್ನು ಸೊಳ್ಳೆ. ಸೊಳ್ಳೆ ಜಾಸ್ತಿ ಆದ ಕೂಡಲೇ ಎಲ್ಲರಿಗೂ ಬೇಕಾಗುವುದು ಫಾಗಿಂಗ್. ಯಾಕೆ ಅಂದರೆ ಹೊಗೆ ಕಣ್ಣಿಗೆ ಕಾಣುತ್ತದೆ, ಗಾಡಿ ಸದ್ದು ಮಾಡುತ್ತದೆ, ಏನೋ ನಡೀತಿದೆ ಅನಿಸುತ್ತದೆ. ಆದರೆ ಆ ಹೊಗೆಯಿಂದ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆ ಮಾತ್ರ. ನೀರಿನಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸೆಕೆಗಾಲದಲ್ಲಿ ಒಂದು ವಾರ, ಹತ್ತು ದಿನ ಸಾಕು. ಅದು ಕೊಳೆತ ಚರಂಡಿಗಿಂತ ಮನೆಯ ಹತ್ತಿರ ನಿಂತ ತಿಳಿನೀರನ್ನು ಹುಡುಕುತ್ತದೆ, ಮತ್ತು ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಆಚೆ ಹೋಗುವುದಿಲ್ಲ. ಅಂದರೆ ನಿಮ್ಮನ್ನು ಕಚ್ಚಿದ ಸೊಳ್ಳೆ ಯಾವುದೋ ದೂರದ ಕೆರೆಯಿಂದ ಬಂದದ್ದಲ್ಲ, ನಿಮ್ಮ ಹೂಕುಂಡದ ತಟ್ಟೆಯಲ್ಲೋ ಪಕ್ಕದ ಮನೆಯ ಟೆರೇಸಿನ ಹಳೇ ಟೈರಿನಲ್ಲೋ ಹುಟ್ಟಿದ್ದು. ಇದನ್ನು ಸಭೆಯಲ್ಲಿ ಹೇಳಿದರೆ ಯಾರಿಗೂ ಇಷ್ಟ ಆಗುವುದಿಲ್ಲ. ಇನ್ನೊಂದು ವಿಷಯ, ಅದರ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆ ತಿಂಗಳುಗಟ್ಟಲೆ ಉಳಿಯಬಲ್ಲದು. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಉಜ್ಜಿ ತೊಳೆಯಬೇಕು. ವಾರಕ್ಕೊಂದು ದಿನ ಗೊತ್ತು ಮಾಡಿ, ಆವತ್ತು ಬೆಳಗ್ಗೆ ಎಲ್ಲರೂ ಟೆರೇಸ್ ಹತ್ತಿ ನೋಡಿಬನ್ನಿ ಅಂತ ನಾವು ಹೇಳಿದೆವು. ಮೊದಲ ಸಲ ಟ್ಯಾಂಕ್ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟವರೊಬ್ಬರು ಅಲ್ಲಿ ಕುಣಿಯುತ್ತಿದ್ದ ಮರಿಗಳ ವಿಡಿಯೋ ಗ್ರೂಪಿಗೆ ಹಾಕಿದರು. ನನ್ನ ಅಷ್ಟೂ ಭಾಷಣಕ್ಕಿಂತ ಆ ವಿಡಿಯೋ ಹೆಚ್ಚು ಕೆಲಸ ಮಾಡಿತು. ಫಾಗಿಂಗ್ ಬೇಡ ಅಂತ ನಾನು ಹೇಳುತ್ತಿಲ್ಲ. ಜ್ವರ ಹರಡುತ್ತಿರುವಾಗ ಅದಕ್ಕೂ ಜಾಗ ಇದೆ. ಅದೊಂದನ್ನೇ ಕೇಳುತ್ತಾ ಕೂರಬೇಡಿ ಅಷ್ಟೇ.

ನೆರೆಹೊರೆ ಜಗಳಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. "ಕೂತು ಮಾತಾಡಿಸಿ, ಮೂಲ ಕಾರಣ ಹುಡುಕಿ" ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ನಾನು ಹುಡುಕುವುದಿಲ್ಲ. ಒಂದು ಸಲ ಕೆಳಗಿನ ಮನೆಯವರು ಬಂದು ರಾತ್ರಿ ಹನ್ನೊಂದಾದರೂ ಮೇಲಿನವರು ಕುರ್ಚಿ ಎಳೆದಾಡುತ್ತಾರೆ ಅಂದರು. ಮೇಲಿನವರು, "ನಾವು ಒಂಬತ್ತೂವರೆಗೆಲ್ಲ ಮಲಗಿರ್ತೀವಿ, ಅವರಿಗೆ ನಮ್ಮನ್ನ ಕಂಡ್ರೆ ಆಗಲ್ಲ" ಅಂದರು. ಆ ಮಾತಿನ ಹಿಂದೆ ಹಳೆಯ ಪಾರ್ಕಿಂಗ್ ಗಲಾಟೆ ಇತ್ತು, ಅದರ ಹಿಂದೆ ಇನ್ನೇನೋ ಇತ್ತು. ಅದನ್ನೆಲ್ಲ ಕೆದಕಿದ್ದರೆ ಇಬ್ಬರೂ ಸಂಘದ ಸಭೆಗೆ ಬರುವುದನ್ನೇ ಬಿಡುತ್ತಿದ್ದರು. ಅದರ ಬದಲು ಮೇಲಿನ ಮನೆಯ ಯಜಮಾನರನ್ನು ಕೆಳಗೆ ಕರೆದು ನಿಲ್ಲಿಸಿ, ಅವರ ಮಗಳಿಗೆ ಮೇಲೆ ಊಟದ ಮೇಜಿನ ಕುರ್ಚಿ ಒಂದು ಸಲ ಎಳೆಯಮ್ಮ ಅಂದೆ. ಸದ್ದು ಕೇಳಿ ಅವರೇ ಬೆಚ್ಚಿದರು. ನೆಲಕ್ಕೆ ತಾಗುವ ಸದ್ದು ಸ್ಲ್ಯಾಬಿನ ಮೂಲಕ ನೇರ ಕೆಳಗೆ ಇಳಿಯುತ್ತದೆ, ಮೇಲಿರುವವರಿಗೆ ಅದು ಎಷ್ಟು ಜೋರು ಅಂತ ಗೊತ್ತಾಗುವುದೇ ಇಲ್ಲ. ಕುರ್ಚಿ ಕಾಲಿಗೆ ಅಂಟಿಸುವ ದಪ್ಪ ಬಟ್ಟೆಯ ಪ್ಯಾಡ್ ಸಿಗುತ್ತದಲ್ಲ, ಅದನ್ನು ಹಾಕಿಸಿದರು. ಹನ್ನೊಂದು ಗಂಟೆಗೆ ಎದ್ದು ಓದಲು ಕೂರುತ್ತಿದ್ದದ್ದು ಆ ಮಗಳೇ ಅನ್ನೋದು ಆಮೇಲೆ ಗೊತ್ತಾಯಿತು. ಇಬ್ಬರೂ ಈಗಲೂ ಮುಖ ಕೊಟ್ಟು ಮಾತಾಡುವುದಿಲ್ಲ. ಪರವಾಗಿಲ್ಲ. ದೂರು ಬಂದದ್ದು ಕುರ್ಚಿ ಬಗ್ಗೆ, ಕುರ್ಚಿ ಸರಿಹೋಯಿತು. ಮನಸ್ಸು ಜೋಡಿಸುವ ಕೆಲಸ ಸಂಘದ್ದಲ್ಲ.

ದುಡ್ಡಿನ ವಿಷಯ. ತಿಂಗಳ ಮೆಯಿಂಟೆನೆನ್ಸ್ ಕೊಡದವರ ಹೆಸರು ಬೋರ್ಡಿಗೆ ಹಾಕಿ ಅಂತ ಪ್ರತಿ ಸಭೆಯಲ್ಲೂ ಒಬ್ಬರಾದರೂ ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಹೆಸರು ಹಾಕಿದರೆ ದುಡ್ಡು ಬರುವುದಿಲ್ಲ, ವಾದ ಬರುತ್ತದೆ. "ಲಿಫ್ಟ್ ಸರಿ ಇಲ್ಲ, ಅದಕ್ಕೆ ಕೊಟ್ಟಿಲ್ಲ" ಅಂತ ಆವತ್ತೇ ಕಾರಣ ಹುಟ್ಟುತ್ತದೆ. ಎಲಿನಾರ್ ಆಸ್ಟ್ರಮ್ ಅಂತ ಅಮೆರಿಕದ ವಿದ್ವಾಂಸೆಯೊಬ್ಬರಿದ್ದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಹುಲ್ಲುಗಾವಲು, ಕಾಲುವೆ ನೀರು, ಮೀನುಗಾರಿಕೆ ಇಂಥ ಎಲ್ಲರ ಸ್ವತ್ತನ್ನು ಜನ ತಾವೇ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ಅವರು ಹಲವು ದೇಶಗಳ ಉದಾಹರಣೆ ಇಟ್ಟುಕೊಂಡು ನೋಡಿದರು. ಬಹಳ ಕಾಲ ಉಳಿದುಬಂದ ಕಡೆಗಳಲ್ಲೆಲ್ಲ ಕಂಡದ್ದು ಇವು: ನಿಯಮ ಮಾಡುವುದರಲ್ಲಿ ಬಳಸುವವರಿಗೇ ಪಾಲು, ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮತ್ತೆ ಆದರೆ ದೊಡ್ಡದು, ಜಗಳ ಬಂದರೆ ಬೇಗ ಹಾಗೂ ಕಮ್ಮಿ ಖರ್ಚಿನಲ್ಲಿ ತೀರಿಸಿಕೊಳ್ಳಲು ಒಂದು ಜಾಗ. ನನಗೆ ಇದು ಓದಿದಾಗ ನಮ್ಮ ನೀರಿನ ಟ್ಯಾಂಕರ್ ಜಗಳವೇ ಕಣ್ಣ ಮುಂದೆ ಬಂತು. ಮೊದಲ ತಿಂಗಳಿಗೇ ನೀರು ಕಟ್ ಮಾಡಿ ಅನ್ನುವವರು, ವರ್ಷ ಆದರೂ ಪಾಪ ಬಿಡಿ ಅನ್ನುವವರು, ಇಬ್ಬರನ್ನೂ ನಂಬಬೇಡಿ. ಮೊದಲು ಖಜಾಂಚಿಯಿಂದ ಒಂದು ಫೋನ್, ಆಮೇಲೆ ಒಂದು ಚೀಟಿ, ಆಮೇಲೆ ಬೈಲಾದಲ್ಲಿ ಬರೆದ ಸಣ್ಣ ದಂಡ. ಅಧ್ಯಕ್ಷರ ತಮ್ಮನಿಗೂ ಅದೇ. ಮತ್ತೆ ಲೆಕ್ಕ. ಬಂದದ್ದೆಷ್ಟು, ಹೋದದ್ದೆಷ್ಟು, ಬ್ಯಾಂಕಿನಲ್ಲಿ ಉಳಿದದ್ದೆಷ್ಟು ಅನ್ನೋ ಒಂದು ಹಾಳೆ ಪ್ರತಿ ತಿಂಗಳೂ ಬೋರ್ಡಿನಲ್ಲಿ ಇರಬೇಕು, ಚೆಕ್ಕಿಗೆ ಇಬ್ಬರ ಸಹಿ ಇರಬೇಕು. ಕೊಡದವರ ಹೆಸರಿಗಿಂತ ಈ ಹಾಳೆ ನೋಡಿ ದುಡ್ಡು ಕೊಟ್ಟವರು ಜಾಸ್ತಿ.

ಸಭೆ ನಡೆಸುವುದೇ ಒಂದು ತಲೆನೋವು, ಅಲ್ವಾ? ಇದು ಇವತ್ತಿನದಲ್ಲ. ಹೆನ್ರಿ ರಾಬರ್ಟ್ ಅನ್ನುವ ಅಮೆರಿಕದ ಸೇನೆಯ ಎಂಜಿನಿಯರ್‌ಗೆ 1863ರಲ್ಲಿ ಒಂದು ಚರ್ಚಿನ ಸಭೆಗೆ ಅಧ್ಯಕ್ಷತೆ ವಹಿಸಲು ಹೇಳಿದರು. ಸಭೆ ಅವರ ಕೈ ಮೀರಿತು. ಅದೇ ಬೇಜಾರಿನಲ್ಲಿ ಸಭೆಯ ನಿಯಮಗಳನ್ನು ಓದಲು ಶುರು ಮಾಡಿ, ಕೊನೆಗೆ 1876ರಲ್ಲಿ ತಾವೇ ಒಂದು ನಿಯಮಾವಳಿ ಅಚ್ಚು ಹಾಕಿಸಿದರು. ಪೂರ್ತಿ ಬೇಡ ನಮಗೆ. ಅದರಲ್ಲಿ ಒಂದು ನಿಯಮ ತಗೊಂಡರೆ ಸಾಕು: ಒಂದು ವಿಷಯದ ಮೇಲೆ ಮಾತಾಡಬೇಕು ಅನ್ನುವ ಎಲ್ಲರೂ ಒಂದೊಂದು ಸಲ ಮಾತಾಡುವವರೆಗೆ ಯಾರಿಗೂ ಎರಡನೇ ಸಲ ಇಲ್ಲ. ಪ್ರತಿ ಸಂಘದಲ್ಲೂ ಮೈಕ್ ಬಿಡದ ಒಬ್ಬ ನಿವೃತ್ತರು ಇರುತ್ತಾರೆ, ಒಳ್ಳೆಯವರೇ, ವಿಷಯವೂ ಗೊತ್ತಿರುತ್ತದೆ, ಆದರೆ ಅವರು ಶುರು ಮಾಡಿದರೆ ಹಿಂದೆ ಕೂತ ಹೆಂಗಸರು, ಬಾಡಿಗೆಯವರು ಬಾಯಿಯೇ ಬಿಡುವುದಿಲ್ಲ. ಅವರನ್ನು ತಡೆಯಲು ನಿಮಗೆ ಧೈರ್ಯ ಬೇಕಾಗಿಲ್ಲ, ನಿಯಮ ಇದ್ದರೆ ಸಾಕು. ನಡಾವಳಿಯಲ್ಲಿ ಯಾರು ಏನಂದರು ಅಂತ ಪುರಾಣ ಬರೆಯಬೇಡಿ. ಏನು ತೀರ್ಮಾನ, ಯಾರು ಮಾಡುತ್ತಾರೆ, ಯಾವತ್ತಿಗೆ. ಅಷ್ಟೇ.

ಹಂಪ್ ಬಗ್ಗೆ ಹೇಳದಿದ್ದರೆ ಈ ಬರಹ ಪೂರ್ತಿ ಆಗುವುದಿಲ್ಲ. ಎಲ್ಲರಿಗೂ ತಮ್ಮ ರಸ್ತೆಯಲ್ಲಿ ಹಂಪ್ ಬೇಕು, ಯಾರಿಗೂ ತಮ್ಮ ಮನೆ ಮುಂದೆ ಬೇಡ. ಮನೆ ಮುಂದೆ ಇದ್ದರೆ ರಾತ್ರಿಯಿಡೀ ಬ್ರೇಕ್ ಹಾಕುವ, ಗೇರ್ ಬದಲಾಯಿಸುವ ಸದ್ದು. ಆದರೆ ಗಾಡಿಗಳ ಓಡಾಟ, ವೇಗ ತಗ್ಗಿಸಬೇಕು ಅನ್ನೋದು ಬರೀ ಅಪಘಾತದ ಮಾತಲ್ಲ. 1970ರ ಸುಮಾರಿಗೆ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ವಿನ್ಯಾಸದ ಪ್ರಾಧ್ಯಾಪಕರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ತರಹದ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ದಿನಕ್ಕೆ 2,000 ಗಾಡಿ ಓಡಾಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರು. 16,000 ಗಾಡಿ ಓಡಾಡುವ ಬೀದಿಯಲ್ಲಿ ಒಬ್ಬರೂ ಪೂರ್ತಿ ಇಲ್ಲ, ಸರಾಸರಿ 0.9. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಊರಿನಲ್ಲಿ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೀದಿಗಳನ್ನು ನೇರ ಬಿಡದೆ, ಗಿಡ, ಬೆಂಚು, ತಿರುವು ಇಟ್ಟು ಕಾರು ತಾನಾಗಿ ನಿಧಾನ ಆಗುವ ಹಾಗೆ ಮಾಡಿದ್ದರು, 1976ರಲ್ಲಿ ಅಲ್ಲಿನ ಸರ್ಕಾರ ಅಂಥ ಬೀದಿಗಳಿಗೆ ಕಾನೂನಿನ ಮಾನ್ಯತೆಯನ್ನೂ ಕೊಟ್ಟಿತು. ನಾವು ಸಿಮೆಂಟ್ ಸುರಿದು ಕೈಯಾರೆ ಹಂಪ್ ಕಟ್ಟುವುದು ಬೇಡ. ಬಣ್ಣ ಇಲ್ಲದ, ಅಳತೆ ಇಲ್ಲದ ಹಂಪ್ ರಾತ್ರಿ ಬೈಕಿನವನನ್ನು ಬೀಳಿಸುತ್ತದೆ. ಅರ್ಜಿ ಕೊಡಿ, ಜೊತೆಗೆ ಶಾಲೆ ಬಿಡುವ ಹೊತ್ತಿನಲ್ಲಿ ಒಂದು ಗಂಟೆ ನಿಂತು ಎಷ್ಟು ಗಾಡಿ ಹೋದವು ಅಂತ ಎಣಿಸಿ, ಅದನ್ನೂ ಸೇರಿಸಿ. ಎಣಿಸಿದ ಹಾಳೆ ಇರುವ ಅರ್ಜಿಯನ್ನು ಸುಲಭಕ್ಕೆ ಪಕ್ಕಕ್ಕಿಡೋಕೆ ಆಗುವುದಿಲ್ಲ.

ಬೀದಿ ನಾಯಿ ವಿಷಯ ಬೇಕಂತಲೇ ಎತ್ತಿಲ್ಲ. ಅದು ಎತ್ತಿದರೆ ಬೇರೆ ಯಾವ ವಿಷಯವೂ ಉಳಿಯುವುದಿಲ್ಲ. ಇಷ್ಟು ಹೇಳುತ್ತೇನೆ: ಇದ್ದ ನಾಯಿಗಳನ್ನು ಹಿಡಿದು ದೂರ ಬಿಟ್ಟುಬಂದರೆ ಊಟ ಸಿಗುವ ಆ ಜಾಗಕ್ಕೆ ಬೇರೆ ನಾಯಿ ಬರುತ್ತದೆ, ಅದಕ್ಕೆ ಲಸಿಕೆ ಆಗಿರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡಾ 70ರಷ್ಟಕ್ಕೆ ಲಸಿಕೆ ಆದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಸಂಘ ಮಾಡಬೇಕಾದದ್ದು ಯಾವ ನಾಯಿಗೆ ಲಸಿಕೆ, ಸಂತಾನಹರಣ ಆಪರೇಷನ್ ಆಗಿದೆ, ಯಾವುದಕ್ಕೆ ಆಗಿಲ್ಲ ಅಂತ ಒಂದು ಪಟ್ಟಿ ಇಟ್ಟುಕೊಳ್ಳುವುದು, ಊಟ ಹಾಕುವವರಿಗೆ ಮಕ್ಕಳು ಆಡದ ಒಂದು ಮೂಲೆ ತೋರಿಸುವುದು. ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಇಂಜೆಕ್ಷನ್‌ಗೆ ಓಡಬೇಕು, ಈ ಒಂದು ಸಾಲನ್ನು ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಹಾಕಿ. ಉಳಿದದ್ದನ್ನೆಲ್ಲ ನಾನು ಗ್ರೂಪಿನಲ್ಲಿ ಬರೆಯುವುದು ಬಿಟ್ಟಿದ್ದೇನೆ. ಬರೆದರೆ ನಾಯಿ ಬೇಕು ಅನ್ನುವವರೂ ಬಯ್ಯುತ್ತಾರೆ, ಬೇಡ ಅನ್ನುವವರೂ ಬಯ್ಯುತ್ತಾರೆ. ಸಭೆಗೆ ಬನ್ನಿ ಅಂದರೆ ಮಾತ್ರ ಇಬ್ಬರಿಗೂ ಅವತ್ತು ಬೇರೆ ಕೆಲಸ ಇರುತ್ತದೆ.