ತೂಬಿನ ಪಕ್ಕದ ಕಾಟ್ಲಾ

ಕಳೆದ ವರ್ಷ ಡಿಸೆಂಬರಿನ ಒಂದು ಭಾನುವಾರ, ಬೆಳಕು ಹರಿಯುವ ಮುನ್ನವೇ ಹತ್ತು ವರ್ಷದ ಮಗಳನ್ನು ಎಬ್ಬಿಸಿಕೊಂಡು, ಎರಡು ಗಾಳದ ಕೋಲು, ಒಂದು ಡಬ್ಬಿ ಎರೆಹುಳು ಮತ್ತು ಬುತ್ತಿಯೊಂದಿಗೆ ಜಾಲಹಳ್ಳಿಯ ನಮ್ಮ ಮನೆಯಿಂದ ದೊಡ್ಡಬಳ್ಳಾಪುರದ ಕಡೆಗಿರುವ ಸೋದರಮಾವನ ಊರಿಗೆ ಹೊರಟೆ. ಆ ಬಾರಿ ಒಳ್ಳೆಯ ಮಳೆಯಾಗಿ ಊರ ಕೆರೆ ಕೋಡಿ ಬಿದ್ದಿತ್ತು. ಬಾಲ್ಯದಲ್ಲಿ ರಜೆಗೆ ಹೋದಾಗಲೆಲ್ಲ ಅದೇ ಕೆರೆಯಲ್ಲಿ ಬಿದಿರಿನ ಕೋಲು ಹಿಡಿದು ಕೂತಿದ್ದ ನನಗೆ, ನೀರು ತುಂಬಿದ ಏರಿಯ ಮೇಲೆ ಮಗಳನ್ನೂ ಒಮ್ಮೆ ಕೂರಿಸಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು.

ದಾರಿಯಲ್ಲಿ ಹೆಸರಘಟ್ಟದ ಬಳಿ ಸ್ವಲ್ಪ ಹೊತ್ತು ನಿಂತೆವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಈ ಜಲಾಶಯದಿಂದ ಬೆಂಗಳೂರಿನ ಮನೆಗಳಿಗೆ ಕೊಳವೆಯಲ್ಲಿ ನೀರು ಹರಿದಿತ್ತೆಂದು ಮಗಳಿಗೆ ಹೇಳಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ದಾರಿಯುದ್ದಕ್ಕೂ ಸರಣಿ ಕೆರೆಗಳಿವೆ. ಮೇಲಿನ ಕೆರೆಯ ಕೋಡಿಯ ನೀರೇ ಕೆಳಗಿನ ಕೆರೆಗೆ ಒಳಹರಿವು. ಮಾವನ ಊರಿನದೂ ಅಂಥದ್ದೇ ಒಂದು ಸಣ್ಣ ಕೆರೆ.

ಏಳೂವರೆಯ ಹೊತ್ತಿಗೆ ತೂಬಿನ ಪಕ್ಕದ ಕಲ್ಲುಗಳ ಮೇಲೆ ಕೂತು ಗಾಳ ಹಾಕಿದೆವು. ನನ್ನ ಗಾಳಕ್ಕೆ ಗೋಧಿ ಹಿಟ್ಟಿನ ಉಂಡೆ, ಮಗಳದಕ್ಕೆ ಎರೆಹುಳು. ಮಂಜು ಇನ್ನೂ ನೀರಿನ ಮೇಲೆಯೇ ಇತ್ತು. ಆಚೆ ದಡದಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಗಂಟೆಯ ಮೇಲಾದರೂ ಬೆಂಡು ಅಲುಗಲಿಲ್ಲ. ಮಗಳಿಗೆ ಬೇಸರವಾಗುತ್ತದೆಂದು ನಾನು ಅಂಜಿದ್ದೆ. ಅವಳು ಮಾತ್ರ ಬೆಂಡಿನಿಂದ ಕಣ್ಣು ಕೀಳದೆ ಕೂತಿದ್ದಳು. ಆಮೇಲೆ ನನ್ನ ಬೆಂಡು ಎರಡು ಸಲ ತಗ್ಗಿ ಎದ್ದು, ಮೂರನೆಯ ಸಲ ಪೂರ್ತಿ ಮುಳುಗಿತು. ಹತ್ತು ನಿಮಿಷ ದಾರ ಬಿಡುತ್ತ, ಎಳೆಯುತ್ತ ದಡಕ್ಕೆ ತಂದದ್ದು ಒಂದು ಕಾಟ್ಲಾ. ಅಗಲವಾದ ತಲೆ, ಮೇಲ್ಮುಖವಾಗಿ ತೆರೆದ ದೊಡ್ಡ ಬಾಯಿ, ಬೆಳ್ಳಿಯ ಹುರುಪೆ. ಎರಡು ಕಿಲೋಗೆ ಕಡಿಮೆಯಿರಲಿಲ್ಲ. ಮಗಳು ಕಲ್ಲಿನ ಮೇಲೆಯೇ ಕುಣಿದಳು.

ಅಷ್ಟರಲ್ಲಿ ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದ ವಯಸ್ಸಾದ ಮೀನುಗಾರರೊಬ್ಬರು ದಡಕ್ಕೆ ಬಂದರು. ಸಿಟ್ಟಾಗಲಿಲ್ಲ. ಮೀನನ್ನು ನೋಡಿ, "ಸ್ವಾಮಿ, ಇದು ನಾವು ಬಿಟ್ಟಿದ್ದು," ಎಂದಷ್ಟೇ ಹೇಳಿದರು.

ನನಗೆ ಅರ್ಥವಾಗಲಿಲ್ಲ. ಕೆರೆಯ ಮೀನು ಕೆರೆಯದೇ ಎಂದು ಚಿಕ್ಕಂದಿನಿಂದಲೂ ತಿಳಿದಿದ್ದವನು ನಾನು. ಅವರು ನನ್ನ ಪಕ್ಕದಲ್ಲೇ ಕೂತು ವಿವರಿಸಿದರು. ನಲವತ್ತು ಹೆಕ್ಟೇರಿಗಿಂತ ದೊಡ್ಡ ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯದು, ಅದಕ್ಕಿಂತ ಚಿಕ್ಕವು ಗ್ರಾಮ ಪಂಚಾಯಿತಿಯವು; ಈ ಕೆರೆಯನ್ನು ಅವರೂ ಅವರ ಅಣ್ಣತಮ್ಮಂದಿರೂ ಪಂಚಾಯಿತಿಯ ಹರಾಜಿನಲ್ಲಿ ಹಿಡಿದಿದ್ದರು. ಕಾಟ್ಲಾ, ರೋಹು, ಮೃಗಾಲ್ ಮೂರೂ ಹೊಳೆಯ ಮೀನುಗಳು. ನಿಂತ ನೀರಿನಲ್ಲಿ ಬೆಳೆಯುತ್ತವೆಯೇ ಹೊರತು ಮರಿ ಮಾಡುವುದಿಲ್ಲ. ಹಾಗಾಗಿ ಪ್ರತಿ ವರ್ಷವೂ ಬಿತ್ತನೆ ಮರಿ ಕೊಂಡು ತಂದು ಬಿಡಲೇಬೇಕು. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರನ್ನೂ ಕೂಡಿಸಿ ಬಿಟ್ಟರೆ ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕುವುದಿಲ್ಲವಂತೆ. ಈ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಕೊಳದಲ್ಲೇ ಮೊಟ್ಟೆ ಇಡಿಸುವ ವಿಧಾನವನ್ನು 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಸಾಧಿಸಿ ತೋರಿಸಿದರೆಂದು ನಾನು ಎಂದೋ ಓದಿದ್ದೆ. ಆ ಓದಿಗೂ ನನ್ನ ಗಾಳದ ತುದಿಯಲ್ಲಿದ್ದ ಮೀನಿಗೂ ಸಂಬಂಧವಿದೆಯೆಂದು ಹೊಳೆದದ್ದು ಅಂದೇ. ನಗರದಿಂದ ಬಿಡುವಿಗೆಂದು ಬಂದವನು ಒಬ್ಬರು ಬಿತ್ತಿ ಬೆಳೆದ ಹೊಲದಿಂದ ತೆನೆ ಮುರಿದುಕೊಂಡಂತಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಬೆಲೆ ಕೊಡುತ್ತೇನೆಂದೆ. ಅವರು ತಕ್ಕಡಿ ತಂದು ತೂಗಿ, ಏರಿಯ ಮೇಲೆ ಊರವರಿಗೆ ಮಾರುವ ದರವನ್ನೇ ತೆಗೆದುಕೊಂಡರು. ಒಂದು ರೂಪಾಯಿಯೂ ಹೆಚ್ಚಿಗೆ ಬೇಡವೆಂದರು. ಆಮೇಲೆ ಮಗಳನ್ನು ಕರೆದು, "ಬಾವ್ವ, ನಿಂಗೆ ಜಿಲೇಬಿ ತೋರಿಸ್ತೀನಿ," ಎಂದು ಕೆರೆಯಂಗಳದ ತಿಳಿನೀರಿನ ಅಂಚಿಗೆ ಕರೆದೊಯ್ದರು. ಅಲ್ಲಿ ಮೊಣಕಾಲುದ್ದದ ನೀರಿನ ತಳದಲ್ಲಿ ತಟ್ಟೆಯಂಥ ದುಂಡನೆಯ ಗುಳಿಗಳಿದ್ದವು. ಜಿಲೇಬಿ ಮೀನಿನ ಗಂಡು ತೋಡುವ ಗೂಡುಗಳವು. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಅವನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. 1952ರಲ್ಲಿ ಹೊರದೇಶದಿಂದ ಭಾರತಕ್ಕೆ ಬಂದ ಈ ಮೀನನ್ನು ಯಾರೂ ಬಿಡಬೇಕಿಲ್ಲ, ತಾನೇ ಹೆಚ್ಚಿ ಉಳಿದ ಮೀನಿನ ಮೇವನ್ನೂ ತಿನ್ನುತ್ತದೆ. "ಇದನ್ನ ಎಷ್ಟಾದ್ರೂ ಹಿಡ್ಕೊಳ್ಳಿ, ನಮಗೂ ಉಪಕಾರ," ಎಂದರು. ಎರಡೇ ಮಾತು ಕೇಳಿಕೊಂಡರು: ದೊಡ್ಡ ಮೀನು ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು, ಮೈಯ ಲೋಳೆ ಒರೆಸಿಹೋಗದಂತೆ ಹಿಡಿದು ಬಿಡಬೇಕು, ತುಂಡಾದ ನೈಲಾನ್ ದಾರವನ್ನು ದಡದಲ್ಲಿ ಎಸೆಯಬಾರದು. ಹಿಂದಿನ ವಾರವಷ್ಟೇ ಕಾಲಿಗೆ ದಾರ ಸುತ್ತಿಕೊಂಡ ಕೊಕ್ಕರೆಯೊಂದನ್ನು ಅವರು ಬಿಡಿಸಿದ್ದರಂತೆ. ಮಧ್ಯಾಹ್ನದವರೆಗೆ ಮಗಳು ಅಂಗೈಯಗಲದ ಒಂಬತ್ತು ಜಿಲೇಬಿ ಹಿಡಿದಳು. ಅತ್ತೆ ಅವನ್ನು ಹುರಿದರು, ಕಾಟ್ಲಾದ ಸಾರು ಮಾಡಿದರು.

ಈ ಆಗಸ್ಟಿನಲ್ಲಿ ಆ ಮೀನುಗಾರರೇ ಮಾವನ ಮೂಲಕ ಹೇಳಿಕಳಿಸಿದರು: ಮರಿ ಬರುತ್ತಿದೆ, ಮಗುವನ್ನು ಕರೆದುಕೊಂಡು ಬನ್ನಿ. ಆಮ್ಲಜನಕ ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬೆರಳುದ್ದದ ಮರಿಗಳಿದ್ದವು. ಒಳಗಿನ ನೀರು ಕೆರೆಯ ನೀರಿನಷ್ಟೇ ತಣ್ಣಗಾಗಲೆಂದು ಕಟ್ಟು ಬಿಚ್ಚದೆ ಸ್ವಲ್ಪ ಹೊತ್ತು ತೇಲಿಬಿಟ್ಟರು. ಬಳಿಕ ಒಂದು ಚೀಲವನ್ನು ಮಗಳ ಕೈಗೆ ಕೊಟ್ಟರು. ಅವಳು ಅದರ ಬಾಯನ್ನು ನೀರಿನೊಳಗೆ ಬಾಗಿಸಿ ಹಿಡಿದಳು. ಮರಿಗಳು ಸ್ವಲ್ಪ ಹೊತ್ತು ಚೀಲದೊಳಗೇ ಗುಂಪಾಗಿ ನಿಂತಿದ್ದು, ಮೊದಲು ಒಂದೆರಡು, ಹಿಂದೆಯೇ ಎಲ್ಲವೂ ತೂಬಿನ ಕಡೆಗೆ ಹೊರಟವು.