ಸೆಟೆದ ಹಗ್ಗದ ಮುಂದೆ

ಲಿಂಗನಮಕ್ಕಿ ಹಿನ್ನೀರಿನ ಲಾಂಚಿಗೆ ಖಲಾಸಿಯಾಗಿ ಸೇರಿದ ಹೊಸದರಲ್ಲಿ ಬೋಲೈನ್ ಗಂಟಿನ ಮೇಲೆ ನನಗೆ ವಿಪರೀತ ಭರವಸೆಯಿತ್ತು. ಎಷ್ಟು ಎಳೆದರೂ ಅದರ ಕುಣಿಕೆ ಬಿಗಿಯುವುದಿಲ್ಲ, ಕೆಲಸ ಮುಗಿದ ಮೇಲೆ ಸಲೀಸಾಗಿ ಬಿಚ್ಚುತ್ತದೆ. ಹೊನ್ನಾವರದ ಕಡಲಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದಿದ್ದ ನಮ್ಮ ತಾಂಡೇಲರು, ಅಂದರೆ ಲಾಂಚಿನ ಖಲಾಸಿಗಳ ಮುಖ್ಯಸ್ಥರು, ಮಾತ್ರ ನಾನು ಆ ಗಂಟು ಹಾಕಿದಾಗಲೆಲ್ಲ, "ಹಗ್ಗಕ್ಕೆ ಭಾರ ಬಿದ್ದಾಗ ಹೇಗೆ ಬಿಚ್ಚುತ್ತೀ?" ಎಂದು ಕೇಳುತ್ತಿದ್ದರು. ವಯಸ್ಸಾದವರ ಕೊಂಕು ಎಂದು ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಆಷಾಢದ ಒಂದು ಮಧ್ಯಾಹ್ನ, ಜೀಪುಗಳನ್ನು ಇಳಿಸಿ ಹೊರಡಬೇಕೆನ್ನುವಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ದಡದ ಗೂಟಕ್ಕೆ ಹಾಕಿದ್ದ ನೈಲಾನ್ ಹಗ್ಗದ ಇನ್ನೊಂದು ತುದಿಯನ್ನು ನಾನು ಲಾಂಚಿನ ಬೊಲ್ಲಾರ್ಡಿಗೆ, ಅಂದರೆ ಹಗ್ಗ ಕಟ್ಟುವ ಗಟ್ಟಿ ಮೋಟುಗಂಬಕ್ಕೆ, ಬೋಲೈನ್ ಹಾಕಿಯೇ ಕಟ್ಟಿದ್ದೆ. ಲಾಂಚಿನ ಹಿಂಭಾಗ ಮುಳುಗಡೆಯ ಬೋಳುಮರಗಳತ್ತ ತಿರುಗತೊಡಗಿದಂತೆ ಹಗ್ಗ ಸೆಟೆದು ತೆಳ್ಳಗಾಯಿತು, ಅದರ ಎಳೆಗಳ ನಡುವಿನಿಂದ ನೀರು ಹಿಂಡಿ ಬರುತ್ತಿತ್ತು. ಗಂಟು ಕಲ್ಲಾಗಿತ್ತು. ಉಗುರು ಕಿತ್ತುಬರುವಂತೆ ನಾನು ಅದನ್ನು ಕೆದಕುತ್ತಿದ್ದಾಗ ಡ್ರೈವರ್ ಮೇಲಿನಿಂದ "ಬಿಡು, ಬಿಡು" ಎಂದು ಕೂಗುತ್ತಲೇ ಇದ್ದ. ಬಿಡುವ ದಾರಿಯೇ ಇರಲಿಲ್ಲ. ತಾಂಡೇಲರು ಮೊದಲು ಮಾಡಿದ್ದು ಗಂಟಿನ ಕೆಲಸವಲ್ಲ, ನನ್ನ ಅಂಗಿಯ ಕಾಲರ್ ಹಿಡಿದು ಪಕ್ಕಕ್ಕೆಳೆದದ್ದು. ನೈಲಾನ್ ಭಾರಕ್ಕೆ ಬಹಳಷ್ಟು ಹಿಗ್ಗುತ್ತದೆ, ತುಂಡಾದರೆ ಹಿಗ್ಗಿದ ಅಷ್ಟೂ ಶಕ್ತಿಯಿಂದ ತನ್ನ ನೇರದಲ್ಲಿಯೇ ಹಿಂದಕ್ಕೆ ಬಡಿಯುತ್ತದೆ, ಮತ್ತು ನಾನು ನಿಂತಿದ್ದದ್ದು ಆ ನೇರದಲ್ಲಿಯೇ. ಅನಂತರ ಅವರು ಕೈಸನ್ನೆ ಮಾಡಿ ಲಾಂಚನ್ನು ದಡದತ್ತ ಮುಂದಕ್ಕೆ ಕೊಡಿಸಿದರು. ಹಗ್ಗ ಸಡಿಲಿದ ಕೂಡಲೇ ಗಂಟಿನ ಬೆನ್ನನ್ನು ಹೆಬ್ಬೆರಳಿನಿಂದ ಮುರಿದು ಬಿಚ್ಚಿಬಿಟ್ಟರು.

ಆ ಸಂಜೆಯಿಂದಲೇ ಬೊಲ್ಲಾರ್ಡಿನ ಪಾಠ ಶುರುವಾಯಿತು. ಮೊದಲು ಪೂರ್ಣ ಸುತ್ತುಗಳು, ಅದರ ಮೇಲೆ ಎಂಟರ ಆಕಾರ, ಗಂಟಿಲ್ಲ. ಭಾರವನ್ನು ಹಿಡಿಯುವುದು ಸುತ್ತುಗಳ ಉಜ್ಜು, ಆದ್ದರಿಂದ ಎಷ್ಟೇ ಸೆಟೆದಿದ್ದರೂ ಹಗ್ಗವನ್ನು ಇಂಚಿಂಚಾಗಿ ಬಿಡಬಹುದು. ಮಳೆಗಾಲದಲ್ಲಿ ನೀರು ಸಮುದ್ರಮಟ್ಟದಿಂದ 1819 ಅಡಿಯ ಗರಿಷ್ಠ ಮಟ್ಟದತ್ತ ಏರುವಾಗ ರಾತ್ರಿ ಕಟ್ಟಿದ ಹಗ್ಗದ ಅಳತೆ ಬೆಳಿಗ್ಗೆಗೆ ಸರಿಹೋಗುವುದಿಲ್ಲವಾದ್ದರಿಂದ ಈ ಕಟ್ಟು ನಮಗೆ ದಿನನಿತ್ಯದ ಅಗತ್ಯವೂ ಹೌದು.

ಇಷ್ಟು ಕಲಿತು ಕೈ ಪಳಗುವ ಹೊತ್ತಿಗೆ ಮೇಲಿನ ಕಚೇರಿಯವರು ಅಗ್ಗವೆಂದು ಹಳದಿ ಪಾಲಿಪ್ರೊಪಿಲೀನ್ ಹಗ್ಗ ಕಳುಹಿಸಿದರು. ಅದು ನುಣುಪು, ಬಿಸಿಲಿಗೆ ಪುಡಿಯಾಗುತ್ತದೆ, ಬೊಲ್ಲಾರ್ಡಿನ ಮೇಲೆ ಜೋರಾಗಿ ಜಾರಿದರೆ ಉಜ್ಜಿದ ಬಿಸಿಗೆ ಕರಗುತ್ತದೆ. ತಾಂಡೇಲರು ಅದನ್ನು ಮುಟ್ಟಿ ನೋಡಿ, ಬೇಕಾದ ಸಾಮಾನು ಬರೆದು ಕಳುಹಿಸುವ ಇಂಡೆಂಟ್ ಪುಸ್ತಕದಲ್ಲಿ ಮತ್ತೆ ನೈಲಾನ್ ಎಂದೇ ಬರೆಸಿದರು.